ಒನೈಡಾ ಜನ ಮಿಷನರಿ ಶಾಲೆಯಿಂದ ಮಕ್ಕಳನ್ನು ವಾಪಸ್ ಕರೆದುಕೊಂಡದ್ದು ಯಾಕೆ?

ಯುಟಿಕಾ ವಾಸಿ
ನಾನಿರುವುದು ನ್ಯೂಯಾರ್ಕಿನ ಯುಟಿಕಾದಲ್ಲಿ. ನ್ಯೂಯಾರ್ಕ್ ನಗರ ಅಲ್ಲ, ರಾಜ್ಯ. ಊರಿಗೆ ಫೋನ್ ಮಾಡಿದಾಗಲೆಲ್ಲ ಇದನ್ನೇ ಹೇಳಬೇಕು. ಹೋದ ವಾರ ಮಗಳಿಗೆ ತೋರಿಸೋಣ ಅಂತ ಪಕ್ಕದ ಕ್ಲಿಂಟನ್ ಊರಿನ ಹ್ಯಾಮಿಲ್ಟನ್ ಕಾಲೇಜಿಗೆ ಹೋಗಿದ್ದೆವು. ಅಲ್ಲಿನ ಸ್ಮಶಾನದಲ್ಲಿ ಅಕ್ಕಪಕ್ಕ ಎರಡು ಸಮಾಧಿ. ಒಂದು ಸ್ಯಾಮ್ಯುಯೆಲ್ ಕರ್ಕ್‌ಲ್ಯಾಂಡ್ ಅನ್ನುವ ಮಿಷನರಿಯದ್ದು, ತೀರಿಕೊಂಡದ್ದು 1808ರಲ್ಲಿ. ಇನ್ನೊಂದು ಸ್ಕೆನಂಡೋವಾ ಅನ್ನುವ ಒನೈಡಾ ಮುಖಂಡನದ್ದು, 1816. ಸತ್ತ ಮೇಲೆ ದೇವರು ಎಬ್ಬಿಸುವ ದಿನ ಪಾದ್ರಿಯ ಅಂಗಿಯ ಸೆರಗು ಹಿಡಿದುಕೊಂಡು ಎದ್ದು ಹೋಗಬೇಕು, ಅದಕ್ಕೆ ಅವನ ಪಕ್ಕದಲ್ಲೇ ಹೂಳಿ ಅಂತ ಮುದುಕ ಕೇಳಿಕೊಂಡಿದ್ದನಂತೆ.

ಕೇಳಿ ಮನಸ್ಸು ಕರಗಿತು. ಆಮೇಲೆ ಮನೆಗೆ ಬಂದು ಓದುತ್ತಾ ಕೂತರೆ ತಲೆ ಕೆಟ್ಟಿತು. ಇದೇ ಒನೈಡಾ ಜನ 1769ರ ಶುರುವಿನಲ್ಲಿ ಕನೆಕ್ಟಿಕಟ್‌ನ ಮಿಷನರಿ ಶಾಲೆಗೆ ಹೋಗಿ, ಓದುತ್ತಿದ್ದ ತಮ್ಮ ಮಕ್ಕಳನ್ನು ವಾಪಸ್ ಕರೆದುಕೊಂಡು ಬಂದಿದ್ದಾರೆ. ಪಾದ್ರಿ ಮೇಲೆ ಅಷ್ಟು ಪ್ರೀತಿ ಇದ್ದವರು ಶಾಲೆ ಯಾಕೆ ಬೇಡ ಅಂದರು? ಇಲ್ಲಿ ಓದಿಕೊಂಡವರು ಜಾಸ್ತಿ ಇದ್ದೀರಿ, ಸ್ವಲ್ಪ ಬಿಡಿಸಿ ಹೇಳಿ.

ಬೆಣ್ಣೆದೋಸೆ
ಒನೈಡಾ ಅಂದ್ರೆ ಸ್ಪೂನು ಫೋರ್ಕು ಕಂಪನಿ ಅಲ್ವಾ? ನಮ್ಮ ಮನೆಯಲ್ಲಿ ಒಂದು ಸೆಟ್ ಇದೆ, ಮದುವೆಗೆ ಬಂದದ್ದು, ಇನ್ನೂ ಡಬ್ಬಿ ಒಡೆದಿಲ್ಲ.

ಕಡತ ಹುಳು
ಬೆಣ್ಣೆದೋಸೆ, ಅದು ಬೇರೆ. 1848ರಲ್ಲಿ ಜಾನ್ ಹಂಫ್ರಿ ನೋಯ್ಸ್ ಅನ್ನುವವನು ಆ ಪ್ರದೇಶದಲ್ಲಿ ಕಟ್ಟಿದ ಬಿಳಿಯರ ಒಂದು ಪಂಥ ಇತ್ತು. ಊರಿನ ಹೆಸರನ್ನೇ ಇಟ್ಟುಕೊಂಡರು. ಆಮೇಲೆ ಪಂಥ ಹೋಯಿತು, ಸ್ಪೂನು ಉಳಿಯಿತು. ಇಲ್ಲಿ ಮಾತಾಡುತ್ತಿರುವುದು ಮೂಲ ಒನೈಡಾ ಜನರ ಬಗ್ಗೆ. ಹೌಡೆನೊಶೋನಿ ಒಕ್ಕೂಟದ ಆರು ಬುಡಕಟ್ಟುಗಳಲ್ಲಿ ಒಂದು. ಮೊಹಾಕ್, ಒನೈಡಾ, ಒನಂಡಾಗಾ, ಕಯೂಗಾ, ಸೆನೆಕಾ, ಆಮೇಲೆ ಸೇರಿದ ಟಸ್ಕರೋರಾ. ಒನೈಡಾ ಅಂದರೆ ‘ನಿಂತ ಕಲ್ಲಿನ ಜನ’.

ಯುಟಿಕಾ ವಾಸಿ, ನಿಮ್ಮ ಪ್ರಶ್ನೆಯಲ್ಲಿ ಎರಡು ಶಾಲೆ ಕಲಸಿಹೋಗಿವೆ. ಒಂದು, ಒನೈಡಾ ಹಳ್ಳಿಯಲ್ಲೇ ನಡೆದ ಶಾಲೆ. ಊರಿನ ಹೆಸರು ಕನೋನ್ವಲೋಹಲೆ. ಇನ್ನೊಂದು, ಎಲಿಯೇಜರ್ ವೀಲಾಕ್ ಅನ್ನುವ ಪಾದ್ರಿ 1754ರಲ್ಲಿ ಕನೆಕ್ಟಿಕಟ್‌ನ ಲೆಬನಾನ್‌ನಲ್ಲಿ ಶುರು ಮಾಡಿದ ವಸತಿ ಶಾಲೆ, ಮೂರ್ಸ್ ಚಾರಿಟಿ ಶಾಲೆ. ಮಕ್ಕಳನ್ನು ವಾಪಸ್ ಕರೆದದ್ದು ಎರಡನೆಯದರಿಂದ. ಕರ್ಕ್‌ಲ್ಯಾಂಡ್ ಸಹ ಆ ಶಾಲೆಯಲ್ಲೇ ಓದಿದವನು. 1766ರಲ್ಲಿ ಒನೈಡಾ ಹಳ್ಳಿಗೆ ಬಂದ, ಜನರ ಭಾಷೆ ಕಲಿತ, ಅವರ ನಡುವೆ ಬದುಕಿದ. ಜನಕ್ಕೆ ಅವನು ಬೇಕಾದವನಾದ. ವೀಲಾಕ್ ಬೇಡವಾದ. ಕೊನೆಗೆ 1770ರ ಹೊತ್ತಿಗೆ ಕರ್ಕ್‌ಲ್ಯಾಂಡ್‌ಗೂ ವೀಲಾಕ್‌ಗೂ ಬಿಟ್ಟುಹೋಯಿತು ಅನ್ನಿ.

ನೇರ ಮಾತು
ಮಿಷನರಿ ಅಂದ ತಕ್ಷಣ ಬಯ್ಯುವುದು ಈಗ ಫ್ಯಾಷನ್. ಯಾರೂ ಹೋಗದ ಕಾಡಿಗೆ ಹೋಗಿ, ಹಸಿದು, ಅಕ್ಷರ ಕಲಿಸಿದವರು ಅವರು. ನಮ್ಮಲ್ಲೇ ನೋಡಿ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬರದಿದ್ದರೆ ಮೋಗ್ಲಿಂಗ್ ಪತ್ರಿಕೆ ಎಲ್ಲಿ, ಕಿಟೆಲ್ ನಿಘಂಟು ಎಲ್ಲಿ?

ತುಂಗೆಯ ತಟ
ನೇರ ಮಾತು ಅವರೇ, ಎಲ್ಲವನ್ನೂ ಮಂಗಳೂರಿಗೆ ಎಳೆದು ತರಬೇಡಿ. ಕಿಟೆಲ್ ಬಂದದ್ದಕ್ಕೆ ಕನ್ನಡಿಗರು ಊರು ಬಿಟ್ಟು ಹೋಗಬೇಕಾಗಲಿಲ್ಲ. ಒನೈಡಾ ಜನ ಬಿಡಬೇಕಾಯಿತು. ಹೋಲಿಕೆ ಅಲ್ಲೇ ಮುರಿದು ಬೀಳುತ್ತದೆ.

ಹಳೇ ಮೇಷ್ಟ್ರು
ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಪಾದ್ರಿಗಳಲ್ಲ, ಮೇಷ್ಟ್ರುಗಳು. ಕನೋನ್ವಲೋಹಲೆಗೆ ಕರ್ಕ್‌ಲ್ಯಾಂಡ್‌ಗಿಂತ ಮುಂಚೆ, 1765ರಲ್ಲೇ, ಒಬ್ಬ ಮೇಷ್ಟ್ರು ಬಂದಿದ್ದ. ಹೆಸರು ಡೇವಿಡ್ ಫೌಲರ್. ಇಂಗ್ಲಿಷ್ ಹೆಸರು ನೋಡಿ ಬಿಳಿಯ ಅಂದುಕೊಳ್ಳಬೇಡಿ. ಲಾಂಗ್ ಐಲ್ಯಾಂಡ್‌ನ ಮೊಂಟಾಕ್ ಬುಡಕಟ್ಟಿನ ಹುಡುಗ, ವೀಲಾಕ್ ಶಾಲೆಯಲ್ಲಿ ಓದಿದವನು.

ಅವನು ವೀಲಾಕ್‌ಗೆ ಬರೆದ ಕಾಗದಗಳು ಉಳಿದಿವೆ. ಓದಿದರೆ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ಬಿಇಒ ಆಫೀಸಿಗೆ ಬರೆದ ಹಾಗೇ ಇದೆ. ಮಕ್ಕಳು ಚುರುಕಾಗಿ ಕಲಿಯುತ್ತಾರೆ. ಆದರೆ ಮೀನು ಹಿಡಿಯುವ ಕಾಲ ಬಂದರೆ ಶಾಲೆ ಖಾಲಿ. ಬೇಟೆಯ ಕಾಲ ಬಂದರೆ ಮತ್ತೆ ಖಾಲಿ. ಊಟಕ್ಕೆ ತತ್ವಾರ. ಮನೆ ಕಟ್ಟಿಕೊಳ್ಳುತ್ತಿದ್ದೇನೆ, ಒಬ್ಬನೂ ಕೈ ಜೋಡಿಸುವುದಿಲ್ಲ. ಊರವರನ್ನು ಸೋಮಾರಿಗಳು ಅಂತ ಬಯ್ದೂ ಬಿಟ್ಟಿದ್ದಾನೆ. ನಾನೂ ಮೊದಲ ಪೋಸ್ಟಿಂಗ್‌ನಲ್ಲಿ ಅಪ್ಪನಿಗೆ ಇಂಥವೇ ಕಾಗದ ಬರೆದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ತುಂಗೆಯ ತಟ
ಸೋಮಾರಿ ಅನ್ನುವ ಮಾತಿನ ಹಿಂದೆ ಒಂದು ವಿಷಯ ಇದೆ ಮೇಷ್ಟ್ರೇ. ಒನೈಡಾಗಳಲ್ಲಿ ಹೊಲ ಹೆಂಗಸರದ್ದು. ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುವುದು ಅವರು, ಬೆಳೆದದ್ದರ ಮೇಲೆ ಹಿಡಿತವೂ ಅವರದ್ದೇ. ಮನೆ ಹೆಂಗಸಿನದ್ದು, ಕುಲ ತಾಯಿಯ ಕಡೆಯಿಂದ. ಮುಖಂಡ ಯಾರಾಗಬೇಕು ಅಂತ ಹೇಳುವವಳೂ ಕುಲದ ಹಿರಿಯ ಹೆಂಗಸೇ. ಗಂಡಸಿನ ಕೆಲಸ ಬೇಟೆ, ಮೀನು, ಯುದ್ಧ, ರಾಜಕೀಯ.

ಈಗ ಮಿಷನರಿ ಶಾಲೆಯ ಪಾಠ ನೋಡಿ. ಹುಡುಗರು ನೇಗಿಲು ಹಿಡಿಯಬೇಕು. ಹುಡುಗಿಯರು ಹೊಲ ಬಿಟ್ಟು ಒಳಗೆ ಕೂತು ಹೊಲಿಗೆ ಹಾಕಬೇಕು. ವೀಲಾಕ್ 1761ರಿಂದ ಹುಡುಗಿಯರನ್ನೂ ಸೇರಿಸಿಕೊಂಡ. ಅವರನ್ನು ಅಕ್ಕಪಕ್ಕದ ಮನೆಗಳಲ್ಲಿ ಮನೆಗೆಲಸ ಕಲಿಯಲು ಬಿಟ್ಟು, ವಾರಕ್ಕೊಂದು ದಿನ ಮಾತ್ರ ಬರೆಯುವುದನ್ನು ಹೇಳಿಕೊಟ್ಟ. ಮುಂದೆ ಈ ಮೇಷ್ಟ್ರುಗಳಿಗೆ ಹೆಂಡತಿಯರಾಗಲಿ ಅನ್ನುವುದು ಲೆಕ್ಕಾಚಾರ. ಫೌಲರ್ ಮದುವೆಯಾದದ್ದೂ ಆ ಶಾಲೆಯ ಹುಡುಗಿಯನ್ನೇ, ಪೀಕಟ್ ಬುಡಕಟ್ಟಿನ ಹ್ಯಾನಾ ಗ್ಯಾರೆಟ್. ಆಸ್ತಿಯೂ ಮಾತೂ ಇದ್ದ ಹೆಂಗಸರ ಊರಿಗೆ ಹೋಗಿ, ನೀವು ಇನ್ನು ನೂಲು ತೆಗೆಯಿರಿ ಅಂದರೆ ಯಾರು ಕೇಳುತ್ತಾರೆ?

ಸುಮ್ನೆ ಓದೋನು
ಫೌಲರ್‌ಗೆ ಯಾಕೆ ಯಾರೂ ಸಹಾಯ ಮಾಡಲಿಲ್ಲ ಅಂತ ಈಗ ಗೊತ್ತಾಯ್ತು. ಗಂಡಸು ಹಾರೆ ಹಿಡಿದು ತೋಟ ಮಾಡ್ತಿದ್ದಾನೆ ಅಂತ ನಕ್ಕಿರಬೇಕು.

ಗದಗ ಎಕ್ಸ್‌ಪ್ರೆಸ್
ಇದಕ್ಕೆಲ್ಲ ಒಬ್ಬ ಮುಖಂಡ ಚೆಂದದ ಉತ್ತರ ಕೊಟ್ಟಿದ್ದಾನೆ, ನನಗೆ ವಾಟ್ಸಾಪ್‌ನಲ್ಲಿ ಬಂದಿತ್ತು. ‘ನಿಮ್ಮ ಕಾಲೇಜಿನಲ್ಲಿ ಓದಿ ಬಂದ ನಮ್ಮ ಹುಡುಗರಿಗೆ ಓಡಲೂ ಬರಲ್ಲ, ಬೇಟೆಯೂ ಬರಲ್ಲ, ಚಳಿ ಹಸಿವೆ ತಡೆಯೋಕೂ ಬರಲ್ಲ. ಬೇಕಾದರೆ ನಿಮ್ಮ ಹನ್ನೆರಡು ಹುಡುಗರನ್ನು ಕಳಿಸಿ, ನಾವು ಅವರನ್ನು ಗಂಡಸರನ್ನಾಗಿ ಮಾಡುತ್ತೇವೆ’ ಅಂತ. ಸೂಪರ್ ಅಲ್ವಾ!

ಕಡತ ಹುಳು
ಬಂದೇ ಬಿಡ್ತು ವಾಟ್ಸಾಪ್ ಯುನಿವರ್ಸಿಟಿ. ಘಟನೆ ನಿಜ, ಮಾತು ಉಬ್ಬಿಸಿದ್ದು. 1744ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಒಪ್ಪಂದದ ಸಭೆ. ವರ್ಜೀನಿಯಾದವರು ಹುಡುಗರನ್ನು ವಿಲಿಯಮ್ಸ್‌ಬರ್ಗ್‌ಗೆ ಕಳಿಸಿ, ಓದಿಸುತ್ತೇವೆ ಅಂದರು. ಉತ್ತರ ಕೊಟ್ಟದ್ದು ಕನಸತೇಗೋ, ಒನಂಡಾಗಾದವನು, ಒನೈಡಾ ಅಲ್ಲ. ಸಭೆಯ ನಡಾವಳಿಯಲ್ಲಿ ಇರುವುದು ಇಷ್ಟೇ: ನಮ್ಮ ಮಕ್ಕಳ ಮೇಲೆ ನಮಗೆ ಬಹಳ ಪ್ರೀತಿ, ಅಷ್ಟು ದೂರ ಕಳಿಸಲಾರೆವು, ಓದಿಸುವ ಆಸೆಯೂ ನಮ್ಮವರಿಗಿಲ್ಲ. ಓಟ, ಬೇಟೆ, ಹನ್ನೆರಡು ಹುಡುಗರು, ಇವೆಲ್ಲ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಬರೆದ ಪ್ರಬಂಧದಲ್ಲಿ ಬರುತ್ತವೆ. ತಮಾಷೆ ಅಂದರೆ 1744ರ ನಡಾವಳಿಯನ್ನು ಅಚ್ಚು ಹಾಕಿದ್ದೂ ಫ್ರಾಂಕ್ಲಿನ್ನೇ.

ಗದಗ ಎಕ್ಸ್‌ಪ್ರೆಸ್
ಸರಿ ಗುರುವೇ, ಒಪ್ಪಿದೆ. ಆದರೂ ಫ್ರಾಂಕ್ಲಿನ್ ವರ್ಷನ್ನೇ ಚೆನ್ನಾಗಿದೆ.

ಹಳೇ ಮೇಷ್ಟ್ರು
ನನಗೆ ನಡಾವಳಿಯ ಮಾತೇ ಚೆನ್ನ. ‘ಮಕ್ಕಳ ಮೇಲೆ ಪ್ರೀತಿ, ಅಷ್ಟು ದೂರ ಕಳಿಸಲಾರೆವು.’ ಹಾಸ್ಟೆಲ್‌ಗೆ ಮಗಳನ್ನು ಬಿಟ್ಟು ಬಸ್ ಹತ್ತಿದ ಯಾವ ಅಪ್ಪನನ್ನಾದರೂ ಕೇಳಿ.

ಯುಟಿಕಾ ವಾಸಿ
ದೂರ ಅಂದ್ರೆ ನಿಜಕ್ಕೂ ದೂರ. ಮೂರ್ಸ್ ಶಾಲೆ ಇದ್ದ ಜಾಗ ಈಗ ಕನೆಕ್ಟಿಕಟ್‌ನ ಕೊಲಂಬಿಯಾ ಊರು. ಇಲ್ಲಿಂದ ಕಾರಿನಲ್ಲಿ ಹೈವೇ ಹಿಡಿದರೂ ನಾಲ್ಕು ಗಂಟೆ ಆಸುಪಾಸು. ಆಗ ಕಾಡುದಾರಿ, ನಡಿಗೆ, ದೋಣಿ. ಮಗುವಿಗೆ ಜ್ವರ ಬಂದರೆ ಅಮ್ಮನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಏನಾಗಿರುತ್ತೋ.

ಕಡತ ಹುಳು
ಅದೇ ಅವರ ಉದ್ದೇಶ ಕೂಡ. ಮಕ್ಕಳನ್ನು ತಂದೆತಾಯಿಯಿಂದ ದೂರ ಇಟ್ಟರೆ ಮಾತ್ರ ಹಳೇ ನಡವಳಿಕೆ ಬಿಡುತ್ತಾರೆ ಅಂತ ವೀಲಾಕ್ ನಂಬಿದ್ದ. ಪಾಠ ಏನು ಕಡಿಮೆ ಇರಲಿಲ್ಲ. ಇಂಗ್ಲಿಷ್ ಜೊತೆ ಲ್ಯಾಟಿನ್, ಗ್ರೀಕ್. ಜೊತೆಗೆ ಹೊಲದ ಕೆಲಸ. ಜಗಳ ಬಂದದ್ದು ಇಲ್ಲೇ. 1767ರಲ್ಲಿ ಜಾನ್ ಡೇನಿಯಲ್ ಅನ್ನುವ ನ್ಯಾರಗ್ಯಾನ್ಸೆಟ್ ತಂದೆಯೊಬ್ಬ ವೀಲಾಕ್‌ಗೆ ಕಾಗದ ಬರೆದ. ನನ್ನ ಮಗನನ್ನು ಕಳಿಸಿದ್ದು ಓದಲಿ ಅಂತ. ಬೇಸಾಯ ನಾನೇ ಕಲಿಸಬಲ್ಲೆ, ಆಗ ಅವನ ದುಡಿಮೆಯ ಲಾಭವಾದರೂ ನನಗೆ ಸಿಗುತ್ತದೆ. ತಾತ್ಪರ್ಯ ಇಷ್ಟು.

ಇನ್ನೊಂದು, ಹೊಡೆತ. ಹೌಡೆನೊಶೋನಿ ಜನ ಮಕ್ಕಳಿಗೆ ಹೊಡೆಯುತ್ತಿರಲಿಲ್ಲ. ತೀರಾ ಹಟ ಮಾಡಿದರೆ ಮುಖಕ್ಕೆ ನೀರು ಎರಚುವುದು, ಅಷ್ಟೇ. ನ್ಯೂ ಇಂಗ್ಲೆಂಡ್ ಶಾಲೆಯಲ್ಲಿ ಬೆತ್ತವಿಲ್ಲದೆ ಪಾಠವಿಲ್ಲ. ಒನಂಡಾಗಾ ಸಭೆ ಇದನ್ನು ವೀಲಾಕ್ ಕಡೆಯವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿತು. ನಮ್ಮವರನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಫ್ರೆಂಚ್ ಪಾದ್ರಿಗಳನ್ನು ನೋಡಿ ಕಲಿಯಿರಿ, ಅವರು ಸಣ್ಣ ತಪ್ಪಿಗೆಲ್ಲ ಕೋಲು ಎತ್ತುವುದಿಲ್ಲ ಅಂತ.

ನೇರ ಮಾತು
ಆ ಕಾಲದಲ್ಲಿ ಬಿಳಿ ಮಕ್ಕಳಿಗೂ ಹೊಡೆಯುತ್ತಿದ್ದರು. ನಮಗೂ ಹೊಡೆದಿದ್ದಾರೆ. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿ ಬೆಳೆದವನು ನಾನು, ಶಾಲೆಯ ಹೆಸರು ಬೇಡ ಬಿಡಿ. ಇವತ್ತು ಆ ಇಂಗ್ಲಿಷೇ ಅನ್ನ ಹಾಕುತ್ತಿದೆ. ಒನೈಡಾ ಜನ ತಾವಾಗೇ ಶಾಲೆ ಕೇಳಿದ್ದರಾ ಇಲ್ಲವಾ, ಅದನ್ನು ಮೊದಲು ಹೇಳಿ.

ಕಡತ ಹುಳು
ಕೇಳಿದ್ದರು. ಅದರಲ್ಲಿ ಮುಚ್ಚುಮರೆ ಏನಿಲ್ಲ. ಸಸ್ಕ್ವೆಹಾನಾ ನದಿ ದಂಡೆಯ ಒನಕ್ವಾಗಾ ಹಳ್ಳಿಗೆ ಎಲಿಹು ಸ್ಪೆನ್ಸರ್ ಅನ್ನುವ ಮಿಷನರಿ 1748ರಲ್ಲೇ ಬಂದಿದ್ದ, 1753ರಲ್ಲಿ ಗಿಡಿಯನ್ ಹಾಲೀ. ಅಲ್ಲಿನ ಗುಡ್ ಪೀಟರ್ ಅನ್ನುವ ಒನೈಡಾ ಮುಖಂಡ ತಾನೇ ಬೋಧನೆ ಮಾಡುವಷ್ಟು ತಯಾರಾದ. ವ್ಯಾಪಾರಿ ತೋರಿಸುವ ಕಾಗದದಲ್ಲಿ ಏನಿದೆ, ಭೂಮಿ ಪತ್ರದಲ್ಲಿ ಏನಿದೆ ಅಂತ ಓದುವವರು ಊರಿನಲ್ಲಿ ಇರಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಶಾಲೆ ಬೇಕಿತ್ತು, ಶಾಲೆಯ ಜೊತೆ ಬಂದ ಯಜಮಾನಿಕೆ ಬೇಡವಾಗಿತ್ತು.

ಒಂದು ಚಂದದ ವಿಷಯ ಸೇರಿಸುತ್ತೇನೆ. ಜೊನಾಥನ್ ಎಡ್ವರ್ಡ್ಸ್ ಅನ್ನುವ ದೊಡ್ಡ ಪಾದ್ರಿ 1755ರಲ್ಲಿ ಹತ್ತರ ಆಸುಪಾಸಿನ ತನ್ನ ಮಗನನ್ನು ಹಾಲೀ ಜೊತೆ ಒನಕ್ವಾಗಾಕ್ಕೆ ಕಳಿಸಿದ, ಅಲ್ಲಿನ ಭಾಷೆ ಕಲಿತು ಬರಲಿ ಅಂತ. ಬ್ರಿಟಿಷರಿಗೂ ಫ್ರೆಂಚರಿಗೂ ಯುದ್ಧ ಜೋರಾಗಿ ಹುಡುಗ ಬೇಗ ವಾಪಸ್ ಬರಬೇಕಾಯಿತು.

ಗದಗ ಎಕ್ಸ್‌ಪ್ರೆಸ್
ಹಾಗಾದ್ರೆ ಫ್ರಾಂಕ್ಲಿನ್ ಹೇಳಿದ ಹನ್ನೆರಡರಲ್ಲಿ ಒಬ್ಬ ಹೋಗೇ ಬಿಟ್ಟ!

ಪದಬೇಟೆ
ಭಾಷೆ ಅಂದ ಮೇಲೆ ನಾನು ಬಾಯಿ ಹಾಕಲೇಬೇಕು. ಒನೈಡಾ ಭಾಷೆಯಲ್ಲಿ ಪವರ್ಗವೇ ಇಲ್ಲ. ಪ ಇಲ್ಲ, ಬ ಇಲ್ಲ, ಮ ಇಲ್ಲ. ತುಟಿ ಮುಚ್ಚದೆಯೇ ಇಡೀ ಭಾಷೆ ಮಾತಾಡಬಹುದು. ಅಪ್ಪ ಅಮ್ಮ ಎರಡೂ ಆಗದ ಮಾತು! ಈಗ ಪಾದ್ರಿ ಬಂದು ಪೀಟರ್, ಪಾಲ್, ಮೇರಿ, ಬೈಬಲ್ ಅಂದರೆ ಮಕ್ಕಳ ಗತಿ ಏನು ಯೋಚನೆ ಮಾಡಿ. ಪಕ್ಕದ ಮೊಹಾಕ್ ಭಾಷೆಯಲ್ಲಿ ಮೇರಿ ‘ವಾರಿ’ ಆದಳು. ಮೊಹಾಕ್‌ನಲ್ಲಿ ರ ಇದ್ದ ಕಡೆ ಒನೈಡಾದಲ್ಲಿ ಲ ಬರುತ್ತದೆ.

ಬೆಣ್ಣೆದೋಸೆ
ಅಂದ್ರೆ ಮೇರಿ ಅಲ್ಲಿ ವಾಲಿ. ರಾಮಾಯಣ ಶುರುವಾಯ್ತು.

ಸುಮ್ನೆ ಓದೋನು
ವ ಹೇಳೋಕೆ ತುಟಿ ಬೇಡ್ವಾ?

ಪದಬೇಟೆ
ಬೇಕು, ಆದರೆ ಮುಚ್ಚಬೇಕಿಲ್ಲ. ತುಟಿ ದುಂಡಗೆ ಮಾಡಿದರೆ ಸಾಕು. ಕನ್ನಡಿ ಮುಂದೆ ನಿಂತು ‘ಮಾವ’ ಅಂತ ನಿಧಾನವಾಗಿ ಹೇಳಿ, ಮ ಎಲ್ಲಿ ವ ಎಲ್ಲಿ ಅಂತ ಗೊತ್ತಾಗುತ್ತದೆ.

ಒನೈಡಾಗಳ ಹತ್ತಿರ ಆ ಕಾಲದಲ್ಲಿ ಇದ್ದ ಅಚ್ಚಾದ ಪುಸ್ತಕ ಅಂದರೆ ಬಹುಮಟ್ಟಿಗೆ ಮೊಹಾಕ್ ಭಾಷೆಯ ಪ್ರಾರ್ಥನೆ ಪುಸ್ತಕ, ಮೊದಲು ಅಚ್ಚಾದದ್ದು 1715ರಲ್ಲಿ. ಎರಡು ಭಾಷೆ ಹತ್ತಿರದವು, ಓದಿದರೆ ಅರ್ಥ ಆಗುತ್ತಿತ್ತು. ಮತ್ತೆ ಹಾಡು. ಕೀರ್ತನೆ ಹಾಡುವುದನ್ನು ಜನ ತುಂಬಾ ಇಷ್ಟಪಟ್ಟು ಹಿಡಿದುಕೊಂಡರು. ವಿಸ್ಕಾನ್ಸಿನ್‌ನ ಒನೈಡಾಗಳು ಇವತ್ತಿಗೂ ತಮ್ಮ ಭಾಷೆಯಲ್ಲಿ ಗುಂಪಾಗಿ ಹಾಡುತ್ತಾರೆ.

ಹಳೇ ಮೇಷ್ಟ್ರು
ಹಾಡಿನಲ್ಲಿ ಬೆತ್ತ ಇಲ್ಲವಲ್ಲ, ಅದಕ್ಕೇ.

ಇನ್ನೊಬ್ಬ ಮೇಷ್ಟ್ರ ಬಗ್ಗೆ ಹೇಳದೆ ಇರಲಾರೆ. ಸ್ಯಾಮ್ಸನ್ ಆಕಮ್. ಮೊಹೀಗನ್ ಬುಡಕಟ್ಟು, 1723ರಲ್ಲಿ ಹುಟ್ಟಿದವನು, ನಮ್ಮ ಫೌಲರ್‌ನ ಅಕ್ಕನೋ ತಂಗಿಯೋ, ಅಂತೂ ಆ ಮನೆಯ ಹುಡುಗಿಯನ್ನು ಮದುವೆಯಾದವನು. ವೀಲಾಕ್ ಹತ್ತಿರ ಕಲಿತ ಮೊದಲ ಸ್ಥಳೀಯ ಶಿಷ್ಯ. ಮೊಂಟಾಕ್‌ನಲ್ಲಿ ಶಾಲೆ ನಡೆಸುವಾಗ ಒಂದು ಉಪಾಯ ಮಾಡಿದ. ಅಕ್ಷರಗಳನ್ನು ಸಣ್ಣ ಕಾಗದದ ತುಂಡಿನಲ್ಲಿ ಬರೆದು ದೇವದಾರು ಮರದ ಚಕ್ಕೆಗಳಿಗೆ ಅಂಟಿಸಿದ. ಬೆಂಚಿನ ಮೇಲೆ ಸಾಲಾಗಿ ಇಟ್ಟ. ಒಂದು ಅಕ್ಷರ ತೋರಿಸಿ, ಹೋಗಿ ಅದನ್ನು ತಗೊಂಡು ಬಾ ಅಂತ ಮಗುವಿಗೆ ಹೇಳುವುದು. ಮಗು ಓಡುತ್ತದೆ, ಹುಡುಕುತ್ತದೆ, ತರುತ್ತದೆ. ನಮಗೆ ‘ನಲಿ ಕಲಿ’ ತರಬೇತಿ ಕೊಟ್ಟಾಗ ಹೊಸದು ಅಂತ ಹೇಳಿದ್ದರು. ಇವನು ಇನ್ನೂರೈವತ್ತು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದ.

ಆಮೇಲೆ ಒನೈಡಾ ಕಡೆಗೂ ಹೋದ, 1761ರಿಂದ ಮೂರು ಸಲ. ಸಂಬಳದ ವಿಷಯ ಕೇಳಿ. ಹನ್ನೆರಡು ವರ್ಷಕ್ಕೆ ತನಗೆ ಕೊಟ್ಟದ್ದು 180 ಪೌಂಡ್, ಬೇರೆ ಮಿಷನ್‌ನಲ್ಲಿ ಒಂದೇ ವರ್ಷಕ್ಕೆ ಅಷ್ಟು ಖರ್ಚು ಮಾಡಿದ್ದಾರೆ ಅಂತ 1768ರಲ್ಲಿ ಬರೆದ ಆತ್ಮಕಥನದಲ್ಲಿ ಲೆಕ್ಕ ಹಾಕಿದ್ದಾನೆ. ಕಾರಣ? ನಾನು ಬಡ ಇಂಡಿಯನ್, ಅದಕ್ಕೆ. ದೇವರು ಹಾಗೆ ಮಾಡಿದ, ನನ್ನನ್ನು ನಾನೇ ಹಾಗೆ ಮಾಡಿಕೊಳ್ಳಲಿಲ್ಲ ಅನ್ನುತ್ತಾನೆ. ಗುತ್ತಿಗೆ ಶಿಕ್ಷಕರು ಇದನ್ನು ಓದಬೇಕು.

ಕಡತ ಹುಳು
ಮೇಷ್ಟ್ರೇ, ಅಸಲಿ ಕಥೆ ಆಮೇಲಿನದು. ವೀಲಾಕ್ ಆಕಮ್‌ನನ್ನು ಹಣ ಎತ್ತಲು ಬ್ರಿಟನ್ನಿಗೆ ಕಳಿಸಿದ. ಆಕಮ್ ಎರಡು ವರ್ಷಕ್ಕೂ ಹೆಚ್ಚು ಕಾಲ ಊರೂರು ತಿರುಗಿ ಮುನ್ನೂರಕ್ಕೂ ಹೆಚ್ಚು ಪ್ರವಚನ ಮಾಡಿದ. ಬಂದ ಹಣ ಸುಮಾರು 12 ಸಾವಿರ ಪೌಂಡ್. ದೊರೆ ಮೂರನೇ ಜಾರ್ಜ್ ಕೈಯಿಂದಲೇ 200. ಎಲ್ಲ ಕೊಟ್ಟದ್ದು ಇಂಡಿಯನ್ ಮಕ್ಕಳ ಶಾಲೆಗೆ ಅಂತ. 1768ರಲ್ಲಿ ವಾಪಸ್ ಬಂದು ನೋಡಿದರೆ ಹೆಂಡತಿ ಮಕ್ಕಳು ಕಷ್ಟದಲ್ಲಿದ್ದಾರೆ. ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದವನು ವೀಲಾಕ್.

ಮರುವರ್ಷವೇ ಒನೈಡಾಗಳು ಮಕ್ಕಳನ್ನು ಕರೆದುಕೊಂಡು ಹೋದರು. ಅದೇ ವರ್ಷ, 1769ರಲ್ಲಿ, ವೀಲಾಕ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕಾಲೇಜಿಗೆ ಸನ್ನದು ಪಡೆದ. ಅದೇ ಡಾರ್ಟ್‌ಮತ್ ಕಾಲೇಜು. ಓದಿದವರು ಹೆಚ್ಚಾಗಿ ಬಿಳಿ ಹುಡುಗರು. ಆಕಮ್ 1771ರಲ್ಲಿ ವೀಲಾಕ್‌ಗೆ ಬರೆದ ಕಾಗದದಲ್ಲಿ ಲ್ಯಾಟಿನ್‌ನಲ್ಲೇ ಚುಚ್ಚಿದ. ಲ್ಯಾಟಿನ್‌ನಲ್ಲಿ ವಿದ್ಯಾಸಂಸ್ಥೆಯನ್ನು ‘ಅಲ್ಮಾ ಮಾಟರ್’ ಅನ್ನುತ್ತಾರೆ, ಹಾಲೂಡಿ ಸಾಕುವ ತಾಯಿ. ಆಕಮ್ ಹೇಳಿದ್ದು, ನಿಮ್ಮ ಶಾಲೆ ‘ಆಲ್ಬಾ ಮಾಟರ್’ ಆಗುತ್ತಿದೆ, ಬಿಳಿ ತಾಯಿ. ಕಂದು ಮಕ್ಕಳಿಗೆ ಹಾಲು ಕೊಡಲಾರದಷ್ಟು ಬಿಳಿ. ಲ್ಯಾಟಿನ್ ಕಲಿಸಿದ ಗುರುವಿಗೇ ಆ ಲ್ಯಾಟಿನ್ ವಾಪಸ್ ಕೊಟ್ಟ.

ಡಾರ್ಟ್‌ಮತ್‌ನಿಂದ ಮೊದಲ ಇನ್ನೂರು ವರ್ಷದಲ್ಲಿ ಪದವಿ ಪಡೆದ ಮೂಲನಿವಾಸಿಗಳು 19 ಜನ. ನೂರಾ ತೊಂಬತ್ತಲ್ಲ, ಹತ್ತೊಂಬತ್ತು.

ನೇರ ಮಾತು
ಹಣದ ವಿಷಯದಲ್ಲಿ ವಾದ ಮಾಡಲ್ಲ. ಅದು ಮೋಸವೇ. ಆದರೆ ಕರ್ಕ್‌ಲ್ಯಾಂಡ್ ಬೇರೆ ಥರದ ಮನುಷ್ಯ ಅನ್ನುವುದನ್ನಾದರೂ ಒಪ್ಪಿ. ಜೀವಮಾನ ಅವರ ಜೊತೆ ಕಳೆದ.

ತುಂಗೆಯ ತಟ
ಅರ್ಧ ಒಪ್ಪುತ್ತೇನೆ. ಅವನೂ ಊರು ಒಡೆದ. ತಂದೆತಾಯಿ ಮನಃಪೂರ್ವಕ ನಂಬಿಕೆಯವರಲ್ಲದಿದ್ದರೆ ಮಗುವಿಗೆ ದೀಕ್ಷಾಸ್ನಾನ ಇಲ್ಲ ಅಂತ ಹಟ ಹಿಡಿದ. ಕೆಲವರಿಗೆ ಉಂಟು, ಕೆಲವರಿಗೆ ಇಲ್ಲ. ಸಣ್ಣ ಹಳ್ಳಿಯಲ್ಲಿ ಇದರ ಅರ್ಥ ಏನು ಅಂತ ಹೇಳಬೇಕಾ? ಬ್ರಿಟಿಷರ ಕಡೆಯ ಅಧಿಕಾರಿ ಸರ್ ವಿಲಿಯಂ ಜಾನ್ಸನ್‌ಗೂ ಈ ನ್ಯೂ ಇಂಗ್ಲೆಂಡ್ ಪಾದ್ರಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಆಂಗ್ಲಿಕನ್ ಪಂಥದವನು, ಸ್ವಂತ ಲೆಕ್ಕಾಚಾರ ಇದ್ದವನು, ಅದು ಬೇರೆ ಮಾತು.

ಕೊನೆಗೆ ಬ್ರಿಟಿಷರ ವಿರುದ್ಧ ಅಮೆರಿಕನ್ನರ ಕ್ರಾಂತಿಯುದ್ಧ ಬಂತು. ಮೊಹಾಕ್ ಮುಖಂಡ ಜೋಸೆಫ್ ಬ್ರಾಂಟ್ ಸಹ ವೀಲಾಕ್ ಶಾಲೆಯ ವಿದ್ಯಾರ್ಥಿ, 1761ರಿಂದ 63. ಅವನು ಬ್ರಿಟಿಷರ ಕಡೆ ನಿಂತ. ಕರ್ಕ್‌ಲ್ಯಾಂಡ್ ಪ್ರಭಾವದ ಒನೈಡಾಗಳು ಅಮೆರಿಕನ್ನರ ಕಡೆ. 1777ರ ಆಗಸ್ಟ್ 6ರಂದು ಒರಿಸ್ಕನಿಯಲ್ಲಿ ಒಂದೇ ಒಕ್ಕೂಟದ ಜನ ಎದುರುಬದುರು ನಿಂತು ಕಾದಾಡಿದರು. 1780ರಲ್ಲಿ ಬ್ರಾಂಟ್ ಕಡೆಯವರು ಬಂದು ಕನೋನ್ವಲೋಹಲೆಯನ್ನು ಸುಟ್ಟರು. ಅಲ್ಲಿನ ಚರ್ಚೂ ಹೋಯಿತು.

ಸುಮ್ನೆ ಓದೋನು
ಗೆದ್ದ ಕಡೆ ಇದ್ದರಲ್ಲ ಒನೈಡಾಗಳು, ಏನಾದರೂ ಸಿಕ್ಕಿತಾ?

ಕಡತ ಹುಳು
1794ರ ಒಪ್ಪಂದದಲ್ಲಿ ಯುದ್ಧದ ನಷ್ಟಕ್ಕೆ 5,000 ಡಾಲರ್, ಸುಟ್ಟ ಚರ್ಚ್ ಕಟ್ಟಲು 1,000 ಡಾಲರ್. ಕಳೆದುಕೊಂಡದ್ದು? 1788ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ 50 ಲಕ್ಷ ಎಕರೆಗೂ ಹೆಚ್ಚು. ಒನೈಡಾಗಳು ಅದನ್ನು ಗುತ್ತಿಗೆ ಅಂದುಕೊಂಡಿದ್ದರು, ಕಾಗದದಲ್ಲಿ ಇದ್ದದ್ದು ಕೊಟ್ಟುಬಿಟ್ಟೆವು ಅಂತ. ಗುಡ್ ಪೀಟರ್ ಆಮೇಲೆ ಇದನ್ನು ಸರ್ಕಾರದ ಪ್ರತಿನಿಧಿಯ ಮುಂದೆ ಹೇಳಿಕೊಂಡ. ಇಪ್ಪತ್ತನೇ ಶತಮಾನದ ಶುರುವಿಗೆ ನ್ಯೂಯಾರ್ಕ್‌ನಲ್ಲಿ ಅವರ ಕೈಯಲ್ಲಿ ಉಳಿದದ್ದು 32 ಎಕರೆ. ಹೆಚ್ಚಿನವರು ಅಷ್ಟರಲ್ಲಿ ವಿಸ್ಕಾನ್ಸಿನ್‌ಗೋ ಕೆನಡಾದ ಒಂಟಾರಿಯೋಗೋ ಹೋಗಿಯಾಗಿತ್ತು.

ಅದೇ 1788ರಲ್ಲಿ ಕರ್ಕ್‌ಲ್ಯಾಂಡ್‌ಗೂ ಅವನ ಮಕ್ಕಳಿಗೂ ಒಳ್ಳೇ ಜಮೀನು ಸಿಕ್ಕಿತು. 1793ರಲ್ಲಿ ಅವನು ಹ್ಯಾಮಿಲ್ಟನ್-ಒನೈಡಾ ಅಕಾಡೆಮಿ ಶುರು ಮಾಡಿದ, ಬಿಳಿ ಮಕ್ಕಳು ಒನೈಡಾ ಮಕ್ಕಳು ಒಟ್ಟಿಗೆ ಓದಲಿ ಅಂತ. ಒನೈಡಾ ಮಕ್ಕಳು ಬೆರಳೆಣಿಕೆ. 1812ರಲ್ಲಿ ಅದು ಹ್ಯಾಮಿಲ್ಟನ್ ಕಾಲೇಜು ಆದಾಗ ಹೆಸರಿನಿಂದಲೂ ‘ಒನೈಡಾ’ ಬಿದ್ದುಹೋಯಿತು.

ಯುಟಿಕಾ ವಾಸಿ
ನಾವು ಟೂರ್ ಮಾಡಿದ್ದು ಅದೇ ಕಾಲೇಜು. ಫೀಸು ಕೇಳಿ ನನಗೆ ಆದ ಎದೆನೋವು ಬೇರೆ.

ಬೆಣ್ಣೆದೋಸೆ
ಮೂವತ್ತೆರಡೇ ಎಕರೆ ಅಂದ್ರಲ್ಲ, ಆದ್ರೆ ಅಲ್ಲಿ ದೊಡ್ಡ ಕ್ಯಾಸಿನೊ ಇದೆಯಂತಲ್ಲ? ನನ್ನ ಭಾವ ಹೋಗಿ ಇನ್ನೂರು ಡಾಲರ್ ಕಳೆದುಕೊಂಡು ಬಂದಿದ್ದ.

ಯುಟಿಕಾ ವಾಸಿ
ಟರ್ನಿಂಗ್ ಸ್ಟೋನ್. ಒನೈಡಾ ನೇಷನ್‌ದೇ, 1993ರಿಂದ ಇದೆ. ಆ ದುಡ್ಡಿನಲ್ಲಿ ಹಳೇ ಜಮೀನು ವಾಪಸ್ ಕೊಳ್ಳುತ್ತಾ ಬಂದಿದ್ದಾರೆ. ನಿಮ್ಮ ಸ್ಪೂನಿಗೂ ಇದಕ್ಕೂ ಒಂದು ನಂಟು ಇದೆ ನೋಡಿ. ಆ ಸ್ಪೂನು ಕಂಪನಿಯ ಕಾರ್ಖಾನೆ ಇದ್ದ ಊರು ಶೆರಿಲ್. ಅಲ್ಲಿ ಜಮೀನು ಕೊಂಡ ಒನೈಡಾಗಳು ಇದು ನಮ್ಮ ಹಳೇ ನೆಲ, ತೆರಿಗೆ ಕಟ್ಟಲ್ಲ ಅಂದರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 2005ರಲ್ಲಿ ಒನೈಡಾಗಳು ಸೋತರು. ನಿಮ್ಮ ಭಾವನ ಇನ್ನೂರು ಡಾಲರ್‌ನಲ್ಲಿ ಒಂದು ಅಡಿ ಜಾಗವಾದರೂ ಬಂದಿರುತ್ತದೆ ಬಿಡಿ.

ಹಳೇ ಮೇಷ್ಟ್ರು
ಎಲ್ಲರೂ ಜಮೀನಿಗೆ ಹೋದಿರಿ. ಆ ಸ್ಥಳೀಯ ಮೇಷ್ಟ್ರುಗಳು ಕೊನೆಗೆ ಏನಾದರು? ಫೌಲರ್‌ಗೆ ಸಹಾಯಕನಾಗಿ ಬಂದ ಜೋಸೆಫ್ ಜಾನ್ಸನ್‌ಗೆ ಆಗ ಹದಿನೈದು ವರ್ಷ ಅಂತ ಓದಿದ್ದೆ. ಹದಿನೈದು! ಆ ವಯಸ್ಸಿನವರು ನನ್ನ ಕ್ಲಾಸಿನಿಂದ ಹೋಗಿ ಇನ್ನೂ ಹೈಸ್ಕೂಲಿನಲ್ಲೇ ಇರುತ್ತಿದ್ದರು.

ಕಡತ ಹುಳು
ಹೌದು, ಮೊಹೀಗನ್ ಹುಡುಗ, 1766ರ ಕೊನೆಗೆ ಬಂದ. ಸ್ವಲ್ಪ ಕಾಲಕ್ಕೆ ದಾರಿ ತಪ್ಪಿದ, ಕುಡಿತ ಹಿಡಿಯಿತು. ಆ ಶಾಲೆಯಲ್ಲಿ ತಪ್ಪು ಮಾಡಿದವರು ತಪ್ಪೊಪ್ಪಿಗೆ ಬರೆದು ಕೊಡಬೇಕಿತ್ತು. ಹೆಂಡದಂಗಡಿಗೆ ಹೋದೆ, ಕುಣಿದೆ ಅಂತ ಹುಡುಗಿಯರು ಬರೆದುಕೊಟ್ಟ ಕಾಗದ ಈಗಲೂ ಇವೆ. ಆದರೆ ಜಾನ್ಸನ್ ಎದ್ದು ನಿಂತ. ಆಕಮ್‌ನ ಮಗಳನ್ನು ಮದುವೆಯಾದ. ಕರಾವಳಿಯಲ್ಲಿ ಮೊಹೀಗನ್, ಮೊಂಟಾಕ್, ಪೀಕಟ್, ನ್ಯಾರಗ್ಯಾನ್ಸೆಟ್ ಜನಕ್ಕೆಲ್ಲ ಜಮೀನು ಕೈತಪ್ಪುತ್ತಿತ್ತು. ಅವನು ಒನೈಡಾಗಳ ಹತ್ತಿರ ಹೋಗಿ, ನಮ್ಮವರಿಗೆ ಇರಲು ಜಾಗ ಕೊಡಿ ಅಂತ ಕೇಳಿದ. 1774ರಲ್ಲಿ ಒನೈಡಾಗಳು ಕೊಟ್ಟರು. ಊರು ನೋಡಲು ಜಾನ್ಸನ್ ಬದುಕಿರಲಿಲ್ಲ. ಯುದ್ಧ ಮುಗಿದ ಮೇಲೆ 1785ರ ಹೊತ್ತಿಗೆ ಅಲ್ಲಿ ಬ್ರದರ್‌ಟೌನ್ ಅನ್ನುವ ಊರು ನಿಂತಿತು. ಆಕಮ್ ಅಲ್ಲಿ ನೆಲೆಸಿ 1792ರಲ್ಲಿ ತೀರಿಕೊಂಡ. ಫೌಲರ್ ಅಲ್ಲೇ 1807ರವರೆಗೆ ಬದುಕಿದ.

ಹಳೇ ಮೇಷ್ಟ್ರು
ಎಂಟೊಂಬತ್ತು ವರ್ಷದ ಹಿಂದೆ ಸೋಮಾರಿಗಳು ಅಂತ ಕಾಗದ ಬರೆದವನಿಗೆ ಅದೇ ಜನ ಮನೆ ಕಟ್ಟಲು ನೆಲ ಕೊಟ್ಟರು ಅನ್ನಿ.

ತುಂಗೆಯ ತಟ
ಆಕಮ್ ಬರೆದ ಕಾಗದಪತ್ರಗಳನ್ನು ಡಾರ್ಟ್‌ಮತ್ 2022ರಲ್ಲಿ ಮೊಹೀಗನ್ ಬುಡಕಟ್ಟಿಗೆ ವಾಪಸ್ ಕೊಟ್ಟಿತು. ಆ ಆಲ್ಬಾ ಮಾಟರ್ ಕಾಲದ ಮನುಷ್ಯನ ಕೈಬರಹ ಅವನ ಊರಿಗೆ ಹೋಯಿತು.

ನೇರ ಮಾತು
ಅಕ್ಷರ ಕಲಿತಿದ್ದಕ್ಕೇ ಅಲ್ವಾ ಆ ಕಾಗದ ಉಳಿದದ್ದು? ಇಷ್ಟು ಹೇಳಿ ನಾನು ಊಟಕ್ಕೆ ಹೊರಟೆ.

ಪದಬೇಟೆ
ಊಟ ಮಾಡಿ ಬನ್ನಿ, ಇದನ್ನೂ ಓದಿ. 1938ರಲ್ಲಿ, ಆರ್ಥಿಕ ಕುಸಿತದ ಕಾಲ, ಸರ್ಕಾರದ ಕೂಲಿ ಯೋಜನೆಯಲ್ಲಿ ವಿಸ್ಕಾನ್ಸಿನ್‌ನ ಕೆಲವು ಒನೈಡಾಗಳಿಗೆ ಒಂದು ವಿಚಿತ್ರ ಕೆಲಸ ಸಿಕ್ಕಿತು. ತಮ್ಮ ಭಾಷೆಯನ್ನು ಬರೆಯಲು ಕಲಿತು, ಹಿರಿಯರ ಹತ್ತಿರ ಹೋಗಿ ಕಥೆ ಬರೆದುಕೊಂಡು ಬರುವುದು. ದಿನಗೂಲಿ. ಅಜ್ಜಿ ಕಥೆ, ಬೇಟೆ ಕಥೆ, ದೆವ್ವದ ಕಥೆ, ಎಲ್ಲ ಒನೈಡಾ ಭಾಷೆಯಲ್ಲೇ. ಈಗ ಭಾಷೆ ಕಲಿಯುತ್ತಿರುವ ಮಕ್ಕಳಿಗೆ ಆ ನೋಟ್‌ಬುಕ್‌ಗಳು ದೊಡ್ಡ ಆಸ್ತಿ. ಅಕ್ಷರ ಇತ್ತು, ಪಾದ್ರಿ ಇರಲಿಲ್ಲ.

ಯುಟಿಕಾ ವಾಸಿ
ಮ್ಯಾಪ್ ತೆಗೆದು ನೋಡಿದೆ. ಬ್ರದರ್‌ಟೌನ್ ಇದ್ದದ್ದು ಈಗಿನ ಡೀನ್ಸ್‌ಬೊರೊ ಸುತ್ತಮುತ್ತ. ಆ ಎರಡು ಸಮಾಧಿಯಿಂದ ಹತ್ತು ಹದಿನೈದು ನಿಮಿಷದ ದಾರಿ. ಹೋದ ವಾರ ಅದೇ ರಸ್ತೆಯಲ್ಲಿ ಪೆಟ್ರೋಲ್ ಹಾಕಿಸಿದ್ದೆ! ಮಗಳಿಗೆ ಫೌಲರ್ ಕಥೆ ಹೇಳಿದೆ. ಕಾಲೇಜಿನ ಟೂರಿನಲ್ಲಿ ಇವನ ಹೆಸರು ಯಾಕೆ ಬರಲಿಲ್ಲ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾನುವಾರ ಹಿಮ ಬೀಳದಿದ್ದರೆ ಇಬ್ಬರೂ ಆ ಕಡೆ ಹೋಗುತ್ತೇವೆ. ಸಿರಾಕ್ಯೂಸ್ ಕಡೆ ಕನ್ನಡದವರು ಯಾರಾದರೂ ಬರುವುದಿದ್ದರೆ ಹೇಳಿ, ಚಿತ್ರಾನ್ನ ಜಾಸ್ತಿ ಕಟ್ಟಿಕೊಳ್ಳುತ್ತೇನೆ.

ಬೆಣ್ಣೆದೋಸೆ
ಸ್ಪೂನು ನಾನು ಕಳಿಸ್ತೀನಿ.